ಅಡ್ಡಹೆಸರಿನ ಖಾನೆ

ಕನಕಪುರ ಬಸ್ ನಿಲ್ದಾಣದ ಹಿಂದೆ ಸೈಬರ್ ಸೆಂಟರ್ ಇಟ್ಟಿದ್ದವರು ಕಂಪ್ಯೂಟರನ್ನು ನಂಬುತ್ತಿರಲಿಲ್ಲ. ಒಂದು ಗುಂಡಿ ಒತ್ತಿದರೆ ಎರಡೂ ಕೈ ಎತ್ತಿ ಕೂರುತ್ತಿದ್ದರು. "ತಡೀರಿ, ಏನೋ ಆಟ ಕಟ್ತಾ ಐತೆ" ಎನ್ನುವುದು ಅವರ ಮಾತು.

ನರ್ಸಿಂಗ್ ಅರ್ಜಿಯ ಕೊನೆಯ ದಿನ ಉಯ್ಯಂಬಳ್ಳಿಯ ಹುಡುಗಿಯೊಬ್ಬಳು ಅಪ್ಪನೊಂದಿಗೆ ಬಂದಳು. ಸರ್‌ನೇಮ್ ಖಾನೆ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ.

"ಅಡ್ಡೆಸ್ರು ಏನಣ್ಣ?" ಎಂದು ಸೆಂಟರಿನವರು ಅಪ್ಪನನ್ನು ಕೇಳಿದರು.

"ಊರಲ್ಲಿ ನಮ್ಮನ್ನ ಮೊಂಡ್ರು ಅಂತಾರೆ, ಹಾಕ್ಬುಡಿ."

"ಅಪ್ಪಾ, ಸುಮ್ಕಿರು" ಎಂದು ಹುಡುಗಿ ತಲೆ ತಗ್ಗಿಸಿದಳು.

ನನ್ನ ಕೆಲಸಕ್ಕೆ ಬಂದು ಪಕ್ಕದಲ್ಲಿ ಕೂತಿದ್ದ ನಾನು, ಪದವಿ ಓದಿದ ಧೈರ್ಯದಲ್ಲಿ, ಅಪ್ಪನ ಹೆಸರು ಹಾಕಿ ಎಂದೆ.

"ಅದುಕ್ಕೆ ಮೇಲೇ ಖಾನೆ ಐತಲ್ಲ ಸಾ. ಎರಡ್ಸಲ ಯಾಕೆ ಕೇಳ್ತದೆ? ನಾಳೆ ಹೆಸ್ರು ಅಂಕಪಟ್ಟಿಗೆ ತಾಳೆ ಆಗ್ನಿಲ್ಲ ಅಂದ್ರೆ ಈ ಮಗೀನ ಸೀಟು ಹೋಯ್ತದೆ" ಎಂದರು ಸೆಂಟರಿನವರು.

ಖಾಲಿ ಖಾನೆಯಲ್ಲಿ ಅವರು ಸ್ಪೇಸ್ ಗುಂಡಿಯನ್ನು ಒಮ್ಮೆ ಒತ್ತಿದರು. ಕಣ್ಣಿಗೆ ಏನೂ ಕಾಣಲಿಲ್ಲ; ಅರ್ಜಿ ಹೋಯಿತು.

"ಏನೂ ಇಲ್ಲ ಅಂದ್ರೆ ಒಪ್ಪಲ್ಲ. ಏನೂ ಇಲ್ದಿರೋದ್ನ ಕೊಟ್ರೆ ಇಸ್ಕತದೆ" ಎಂದರು. ಪ್ರಿಂಟರ್ ಮೇಲೂ ಅನುಮಾನವಿದ್ದುದರಿಂದ ಅರ್ಜಿ ಸಂಖ್ಯೆಯನ್ನು ಹುಡುಗಿಯ ಅಂಗೈ ಮೇಲೆ ಬರೆಸಿದರು.

ಸ್ಪೇಸ್ ಒತ್ತಲು ಹೇಳಿಕೊಟ್ಟವನು ನಾನೇ ಎಂದು ಎಷ್ಟೋ ಕಡೆ ಹೇಳಿದ್ದೇನೆ, ನಂಬಿಯೂ ಇದ್ದೆ. ಆದರೆ ಅವರು ಅದನ್ನು ಒತ್ತುವಾಗ ನಾನಿನ್ನೂ ಅಪ್ಪನ ಹೆಸರಿಗಾಗಿ ವಾದಿಸುತ್ತಿದ್ದೆ.