ವಿಭೂತಿಯ ಕೆಳಗಿನ ಅಂಕಿ

ಆಯುಧ ಪೂಜೆಯ ದಿನ ಬೇರೆ ಅಂಗಡಿಗಳಲ್ಲಿ ಕಂಪ್ಯೂಟರಿನ ಹೊರಗಿನ ಡಬ್ಬಿಗೆ ವಿಭೂತಿ ಹಚ್ಚುತ್ತಾರೆ. ನಮ್ಮ ಅಪ್ಪಾಜಿ ಡಬ್ಬಿ ಬಿಚ್ಚಿಸುತ್ತಾರೆ. "ಕೆಲಸ ಮಾಡೋದು ಒಳಗಿಂದು. ಹೊರಗಿನ ತಗಡಿಗೆ ಹಚ್ಚಿದ್ರೆ ಏನ್ ಬಂತು?" ಎನ್ನುವುದು ಅವರ ವಾದ. ಮದರ್‌ಬೋರ್ಡಿನ ಒಂದು ಮೂಲೆ ಅವರ ಕಣ್ಣಿಗೆ ಖಾಲಿಯಾಗಿ ಕಾಣುತ್ತದೆ. ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಗೆ ತಗೊಂಡು, ಮಗುವಿನ ಹಣೆಗೆ ಎಳೆದ ಹಾಗೆ ಮೆಲ್ಲಗೆ ಅಲ್ಲಿ ಎಳೆಯುತ್ತಾರೆ. ನಡುವೆ ಒಂದು ಕುಂಕುಮದ ಬೊಟ್ಟು. ಹಳೆಯದನ್ನು ಒರೆಸುವ ಪದ್ಧತಿ ಇಲ್ಲ, ಅದರ ಮೇಲೇ ಹೊಸದು. ಹಾಗಾಗಿ ಆ ಮೂಲೆಯಲ್ಲಿ ಸುಣ್ಣದ ಗೋಡೆಯ ಹಾಗೆ ಒಂದು ಪದರ ಕೂತಿತ್ತು.

ಅಂಗಡಿ ಇರುವುದು ಹರಿಹರದಲ್ಲಿ. ಫ್ಲೆಕ್ಸ್ ಮತ್ತು ಲಗ್ನಪತ್ರಿಕೆ ನಮ್ಮ ಕೆಲಸ. ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅಪ್ಪಾಜಿ, ಅಕ್ಕ, ಭಾವ ಮತ್ತು ನಾನು. ಭಾವ ಹರಿಹರದ ಒಂದು ಕಾರ್ಖಾನೆಯಲ್ಲಿದ್ದರು. ಆ ಕೆಲಸ ಹೋದ ಮೇಲೆ ನಮ್ಮ ಮನೆಗೇ ಬಂದು ಅಂಗಡಿಯಲ್ಲಿ ಕೂತರು. ಮನೆ ಅಳಿಯ ಎಂಬ ಮಾತನ್ನು ನಮ್ಮಲ್ಲಿ ಯಾರೂ ಅವರೆದುರು ಆಡುತ್ತಿರಲಿಲ್ಲ. ಆಡದಿರುವುದರಿಂದಲೇ ಅದು ಸದಾ ಕೇಳಿಸುತ್ತಿತ್ತು.

ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಅಂಗಡಿಗೆ ಹೋಗುತ್ತಿದ್ದೆ. ದಾವಣಗೆರೆಯಲ್ಲೇ, ಶಾಮನೂರಿನ ಹೊಸ ಬಡಾವಣೆಯ ಕಡೆ ಅಪ್ಪಾಜಿ ಇನ್ನೊಂದು ಅಂಗಡಿ ಹಿಡಿದಿದ್ದರು. "ಸಣ್ಣಾಕಿ, ಅದನ್ನ ನೀನೇ ನೋಡ್ಕಳವ್ವ. ಹರಿಹರದ್ದು ನಾವು ನೋಡ್ಕಂತೀವಿ" ಎಂದು ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಹೇಳಿದರು. ನಾನು "ಆಗಲಿ" ಎಂದಷ್ಟೇ ಅಂದೆ. ಆದರೆ ಮೇಜು ಯಾವ ಗೋಡೆಗೆ, ಫ್ಲೆಕ್ಸ್ ಮುದ್ರಿಸುವ ಮಷೀನ್ ಯಾವ ಕಡೆ, ಅರ್ಥಿಂಗ್ ತಂತಿ ಎಲ್ಲಿಂದ ಎಂದು ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ. ಒಂದು ಕಾಲೇಜಿನಿಂದ ಅತಿಥಿ ಉಪನ್ಯಾಸಕಿ ಕೆಲಸಕ್ಕೆ ಸಂದರ್ಶನದ ಕರೆ ಬಂದಿತ್ತು. ಹೋಗಲಿಲ್ಲ. ಯಾರಿಗೂ ಹೇಳಲೂ ಇಲ್ಲ. ನನಗೆ ನನ್ನದು ಎನ್ನುವ ಒಂದು ಬಾಗಿಲು ಬೇಕಿತ್ತು, ಬೆಳಿಗ್ಗೆ ನಾನೇ ಬೀಗ ತೆಗೆಯುವಂಥದ್ದು. ಅದನ್ನು ಬಾಯಿ ಬಿಟ್ಟು ಹೇಳಿದರೆ ಸಣ್ಣದಾಗುತ್ತದೆ ಎಂದು ನಂಬಿದ್ದೆ.

ಆ ಅಂಗಡಿಗೆ ಹಳೆಯ ಮಷೀನೊಂದನ್ನು ನೋಡಿಬರಲು ಅಪ್ಪಾಜಿ ಹುಬ್ಬಳ್ಳಿಗೆ ಹೋದ ದಿನ ಅಕ್ಕನ ಫೋನ್ ಬಂತು. ಅವಳು ಹರಿಹರದ ಅಂಗಡಿಯಲ್ಲಿದ್ದಳು. ನಾನು ಮನೆಯಲ್ಲಿದ್ದೆ.

"ಲಗೂನೆ ಬಾರೇ. ಕಂಪ್ಯೂಟ್ರು ಏಳವಲ್ದು."

"ಏನು ಮಾಡಿದ್ರಿ?"

"ನೀ ಬಾ ಮೊದ್ಲು. ಅಪ್ಪಾಜಿಗೆ ಮಾತ್ರ ಹೇಳಬ್ಯಾಡ."

ಹರಿಹರದ ಬಸ್ಸಿನಲ್ಲಿ ಕೂತಾಗಲೇ ನನಗೆ ಗೊತ್ತಿತ್ತು, ತಾನಾಗಿ ಕೆಟ್ಟದ್ದನ್ನು ಯಾರೂ ಅಪ್ಪಾಜಿಯಿಂದ ಮುಚ್ಚಿಡುವುದಿಲ್ಲ.

ಅಂಗಡಿಯಲ್ಲಿ ಕಂಪ್ಯೂಟರಿನ ಪಕ್ಕದ ತಗಡು ತೆಗೆದಿತ್ತು. ಭಾವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮಲೆಬೆನ್ನೂರಿನಿಂದ ಗೃಹಪ್ರವೇಶದ ಫ್ಲೆಕ್ಸ್ ಒಯ್ಯಲು ಬಂದಿದ್ದ ಗೌಡರೊಬ್ಬರು ಕುರ್ಚಿಯಲ್ಲಿ ಕೂತು, ಕಾಗದದಲ್ಲಿ ಕಟ್ಟಿದ ಮಂಡಕ್ಕಿ ತಿನ್ನುತ್ತಿದ್ದರು.

"ಬರ್ರಿ ಮೇಡಂ" ಎಂದರು ಅವರು. "ಮನೆ ಕಟ್ಟಾಕ ಇಷ್ಟು ಕಾದಿಲ್ಲ ನಾನು. ಫ್ಲೆಕ್ಸಿಗೆ ಕಾಯ್ತಾ ಇದೀನಿ."

"ಫ್ಲೆಕ್ಸ್ ಇಲ್ದೆ ಮನೆ ಒಳಗೆ ಹೋಗಾಕ ಆಗಲ್ಲೇನ್ರಿ?" ಎಂದಳು ಅಕ್ಕ, ನಗಿಸಲು.

"ನಾ ಹೋಗ್ತೀನವ್ವ. ನಮ್ಮ ಬೀಗರು ಬರಬೇಕಲ್ಲ, ಅವರಿಗೆ ನನ್ನ ಫೋಟೋ ಕಾಣ್ಬೇಕು."

ಅವರು ಚಹಾ ಕುಡಿಯಲು ಹೊರಗೆ ಹೋದ ಮೇಲೆ ಭಾವ ನಡೆದದ್ದನ್ನು ಹೇಳಿದರು. ಕಂಪ್ಯೂಟರ್ ನಿಧಾನವಾಗಿದೆ ಎಂದು ಯಾವುದೋ ವಿಡಿಯೋ ನೋಡಿ ಬಯೋಸ್ ಅಪ್‌ಡೇಟ್ ಮಾಡಲು ಹೊರಟಿದ್ದರು. ಬಯೋಸ್ ಎಂದರೆ ಕಂಪ್ಯೂಟರ್ ಕಣ್ಣು ಬಿಟ್ಟ ಕೂಡಲೇ ಮೊದಲು ಓದಿಕೊಳ್ಳುವ ಪಾಠ. ಬೋರ್ಡಿನ ಮೇಲಿರುವ ಪುಟ್ಟ ಚಿಪ್ಪೊಂದರಲ್ಲಿ ಅದು ಇರುತ್ತದೆ. ಆ ಪಾಠ ತಪ್ಪಾದರೆ ಮುಂದಿನದು ಯಾವುದೂ ಇಲ್ಲ. ಭಾವ ಬೋರ್ಡಿನ ದೊಡ್ಡಕ್ಷರದ ಹೆಸರು ನೋಡಿ ಅದೇ ಹೆಸರಿನ ಫೈಲ್ ಇಳಿಸಿಕೊಂಡಿದ್ದರು. ಆದರೆ ಒಂದೇ ಹೆಸರಿನ ಬೋರ್ಡ್ ಎರಡು ಬಗೆಯಲ್ಲಿ ಬಂದಿರುತ್ತದೆ. ಯಾವ ಬಗೆಯದು ಎಂಬ ಅಂಕಿಯನ್ನು ಸಣ್ಣದಾಗಿ ಮೂಲೆಯಲ್ಲಿ ಮುದ್ರಿಸಿರುತ್ತಾರೆ.

"ಮೂಲ್ಯಾಗ ನೋಡಿದ್ರಾ?"

"ನೋಡ್ದೆ. ಅಲ್ಲಿ ವಿಭೂತಿ ಐತಲ್ಲ."

"ಕೆರೆದು ನೋಡಬೋದಿತ್ತು."

ಭಾವ ನನ್ನ ಮುಖ ನೋಡಿದರು. "ಮಾವ ಹಚ್ಚಿದ ವಿಭೂತಿ. ಉಗುರು ಹಾಕಿ ಕೆರೀಲೇನು? ಕೈ ಬರಲಿಲ್ಲ."

ಅವರು ಅದನ್ನು ನೆಪವಾಗಿ ಹೇಳಲಿಲ್ಲ. ಆ ಮನೆಯಲ್ಲಿ ಅಪ್ಪಾಜಿ ಎಳೆದ ಗೆರೆಯನ್ನು ಅಳಿಸುವ ಅಧಿಕಾರ ತಮಗಿದೆ ಎಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ. ಹೊಂದುವುದಿಲ್ಲ ಎಂದು ಪರದೆಯ ಮೇಲೆ ಎಚ್ಚರಿಕೆ ಬಂದಾಗ ಮಾತ್ರ ಧೈರ್ಯವಾಗಿ ಮುಂದುವರಿಸುವ ಗುಂಡಿ ಒತ್ತಿದ್ದರು.

ಸ್ವಿಚ್ ಹಾಕಿ ನೋಡಿದೆ. ಫ್ಯಾನ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆ ಕಪ್ಪು. ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗುವುದು ನನ್ನ ರೀತಿ. ಲಗ್ನಪತ್ರಿಕೆಯ ಕಂಪ್ಯೂಟರಿನ ಪವರ್ ಸಪ್ಲೈ ತಂದು ಜೋಡಿಸಿದೆ, ಬದಲಾಗಲಿಲ್ಲ. ಬೋರ್ಡಿನ ಮೇಲಿನ ಬಿಲ್ಲೆ ಸೆಲ್ ತೆಗೆದು ನೆನಪು ಅಳಿಸಿ ಮತ್ತೆ ಹಾಕಿದೆ, ಇಲ್ಲ. ರ್‍ಯಾಮ್ ಪೂರ್ತಿ ತೆಗೆದು ಸ್ವಿಚ್ ಹಾಕಿದೆ. ರ್‍ಯಾಮ್ ಇಲ್ಲದಿದ್ದರೆ ಆ ಬೋರ್ಡು ಬೀಪ್ ಎಂದು ಕೂಗಬೇಕು. ಕೂಗಲಿಲ್ಲ. ಎಂದರೆ ತನ್ನ ಹತ್ತಿರ ಯಾವುದು ಇಲ್ಲ ಎಂದು ತಿಳಿಯುವಷ್ಟು ದೂರವೂ ಅದು ಬರುತ್ತಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿದರೆ ಚಿಪ್ಪಿಗೆ ಕರೆಂಟ್ ಸರಿಯಾಗಿ ಬರುತ್ತಿತ್ತು. ಪೆನ್‌ಡ್ರೈವಿನಿಂದ ಹಳೆಯ ಬಯೋಸ್ ಕೊಡುವ ದಾರಿಯೂ ಆಗಲಿಲ್ಲ. ಬೋರ್ಡು ಸತ್ತಿರಲಿಲ್ಲ. ಅದಕ್ಕೆ ಬೇರೆ ಯಾರದೋ ಪಾಠ ಕೊಟ್ಟಿದ್ದರು, ಅಷ್ಟೆ.

"ಬ್ಯಾರೆ ಬೋರ್ಡ್ ತಂದು ಹಾಕಿದ್ರೆ?" ಎಂದಳು ಅಕ್ಕ.

ಅದು ಆಗದ ಮಾತು. ಫ್ಲೆಕ್ಸ್ ಮಷೀನ್ ನಡೆಸುವ ಸಾಫ್ಟ್‌ವೇರ್ ಆ ಬೋರ್ಡಿನ ಗುರುತಿಗೇ ಕಟ್ಟಿಕೊಂಡಿತ್ತು. ಮಾರಿದವನು ವ್ಯಾಪಾರ ಮುಚ್ಚಿ ಹೋಗಿದ್ದ. ಬೋರ್ಡು ಹೋದರೆ ಮಷೀನೂ ಬರೀ ಕಬ್ಬಿಣ.

ನನ್ನ ಚೀಲದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿನಿಂದ ಉಳಿದ ಪ್ರೋಗ್ರಾಮರ್ ಇತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬಟ್ಟೆಗೆ ಹಾಕುವ ಕ್ಲಿಪ್ಪಿನಂಥದ್ದನ್ನು ಚಿಪ್ಪಿನ ಎಂಟು ಕಾಲಿಗೆ ಕಚ್ಚಿಸಿದರೆ, ಒಳಗಿರುವುದನ್ನು ಲ್ಯಾಪ್‌ಟಾಪಿಗೆ ಓದಬಹುದು, ಬರೆಯಲೂಬಹುದು. ಮೊದಲು ಆ ಮೂಲೆ. ಔಷಧಿ ಅಂಗಡಿಯಿಂದ ಸ್ಪಿರಿಟ್ ತರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವಿಭೂತಿಯ ಪದರವನ್ನು ನೆನೆಸಿ ನೆನೆಸಿ ತೆಗೆದೆ. ಭಾವ ಆ ಕಡೆ ನೋಡಲಿಲ್ಲ. ಬಿಳಿ ಕೆಸರು ಕರಗಿ ಅಂಕಿ ಕಂಡಿತು. ಅವರು ಹಾಕಿದ್ದು ಇನ್ನೊಂದು ಬಗೆಯ ಫೈಲು.

ಚಿಪ್ಪನ್ನು ಎರಡು ಸಲ ಓದಿ, ಎರಡೂ ಒಂದೇ ಇವೆಯೇ ಎಂದು ತಾಳೆ ನೋಡಿದೆ. ಮೊದಲ ಸಲ ಹೊಂದಲಿಲ್ಲ. ಕ್ಲಿಪ್ ಓರೆಯಾಗಿ ಕೂತಿತ್ತು. ಸರಿಮಾಡಿ ಮತ್ತೆ ಓದಿದಾಗ ಹೊಂದಿತು. ಸರಿಯಾದ ಫೈಲನ್ನು ನೇರ ಬರೆದುಬಿಟ್ಟರೆ ಕಂಪ್ಯೂಟರ್ ಏಳುತ್ತದೆ. ಆದರೆ ಬೋರ್ಡಿನ ಗುರುತು ಸಂಖ್ಯೆಯೂ ಅದೇ ಚಿಪ್ಪಿನ ಒಂದು ತುಂಡಿನಲ್ಲಿರುತ್ತದೆ. ಭಾವನ ಅಪ್‌ಡೇಟ್ ಅದನ್ನು ಮುಟ್ಟಿರಲಿಲ್ಲ, ನಾನು ನೇರ ಬರೆದರೆ ಅಳಿಸಿಹೋಗುತ್ತಿತ್ತು. ಹಾಗಾಗಿ ಆಗ ಓದಿಟ್ಟದ್ದರಿಂದ ಆ ತುಂಡನ್ನಷ್ಟೇ ಎತ್ತಿ ಹೊಸ ಫೈಲಿನ ಅದೇ ಜಾಗದಲ್ಲಿ ಕೂರಿಸಬೇಕಿತ್ತು. ಒಂದು ಅಕ್ಷರ ಹಿಂದೆ ಮುಂದೆ ಆದರೂ ಕೆಲಸ ಕೆಡುತ್ತದೆ. ಅಕ್ಕ ನನ್ನ ಹಿಂದೆ ನಿಂತು ಉಸಿರಾಡುತ್ತಿದ್ದಳು.

"ಆಗ್ತೈತೇನೆ?"

"ಮಾತಾಡಿಸಬ್ಯಾಡ."

ಬರೆದು ಮುಗಿಸಿ, ಕ್ಲಿಪ್ ತೆಗೆದು, ರ್‍ಯಾಮ್ ಹಾಕಿ, ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿ ನಿಂತಿತು. ಭಾವ ಕಣ್ಣು ಮುಚ್ಚಿಕೊಂಡರು. ಮತ್ತೆ ತಿರುಗಿ, ಒಂದು ಸಣ್ಣ ಕೂಗು ಹೊಡೆದು, ಪರದೆ ಬೆಳಗಿತು. ಸಾಫ್ಟ್‌ವೇರ್ ತೆರೆದೆ. ಅದು ತನ್ನ ಬೋರ್ಡನ್ನು ಗುರುತಿಸಿತು. ನನಗೆ ಆ ಕ್ಷಣ ತುಂಬಾ ಸಂತೋಷವಾಯಿತು. ಈಗ ಅದನ್ನು ನೆನೆಯಲು ಇಷ್ಟವಿಲ್ಲ.

ಗೌಡರು ಚಹಾ ಮುಗಿಸಿ, ಪೇಟೆಯ ಕೆಲಸ ಮುಗಿಸಿ ಬರುವ ಹೊತ್ತಿಗೆ ಮಷೀನ್ ಅವರ ಫೋಟೋದ ಪೇಟವನ್ನು ಮುದ್ರಿಸುತ್ತಿತ್ತು. ಅಷ್ಟರಲ್ಲಿ ಅಕ್ಕ ನನ್ನನ್ನು ಫ್ಲೆಕ್ಸ್ ಉರುಳೆಗಳ ಹಿಂದೆ ಕರೆದುಕೊಂಡು ಹೋಗಿದ್ದಳು.

"ಬಿಚ್ಚಿ ಹರವಿದ್ದನ್ನ ಗೌಡ್ರು ನೋಡ್ಯಾರೆ. ಅಪ್ಪಾಜಿ ಕಿವಿಗೆ ಬಿದ್ದೇ ಬೀಳ್ತೈತೆ. ತಾನಾಗೇ ಕೆಟ್ಟಿತ್ತು, ಇವರೇ ಸರಿ ಮಾಡಿದ್ರು ಅಂತೀನಿ. ನೀ ಸುಮ್ನಿರು."

ನಾನು ಕೈಯಲ್ಲಿದ್ದ ಕ್ಲಿಪ್ಪಿನ ತಂತಿ ಸುತ್ತಿದೆ.

"ಈ ಮನೆಯಾಗ ಅವರು ಹೆಂಗೆ ಉಣ್ತಾರೆ ಗೊತ್ತೈತಲ್ಲ ನಿಂಗೆ? ಎರಡನೇ ಸಲ ಅನ್ನ ಹಾಕಿಸ್ಕಳಾಕ ನನ್ನ ಮುಖ ನೋಡ್ತಾರೆ. ನಿನಗೇನು ಕಡಿಮೆ ಆಗ್ತೈತೆ? ನೀ ಅಪ್ಪಾಜಿ ಮಗಳು."

ಅದು ನಿಜವಿತ್ತು. ನಾನು ತಲೆಯಾಡಿಸಿದೆ. ಅಕ್ಕ ಮುಂದೆ ಹೋಗಿ ಗೌಡರಿಗೆ ಗಟ್ಟಿಯಾಗಿ ಹೇಳುವುದು ಕೇಳಿಸಿತು: "ನಮ್ಮನೆಯವರೇ ಕುಂತು ರಿಪೇರಿ ಮಾಡಿದ್ರು ನೋಡ್ರಿ." ಭಾವ ಮುದ್ರಣದ ಅಂಚು ಸರಿಯಿದೆಯೇ ಎಂದು ಬಹಳ ಹೊತ್ತು ಬಗ್ಗಿ ನೋಡಿದರು.

ಮಾರನೆಯ ದಿನ ಅಪ್ಪಾಜಿ ಹುಬ್ಬಳ್ಳಿಯಿಂದ ಬರುತ್ತಾ ಹರಿಹರದಲ್ಲೇ ಇಳಿದು, ಅಂಗಡಿಗೆ ಹೋಗಿ, ಫ್ಲೆಕ್ಸಿನ ಇನ್ನೊಂದು ಪ್ರತಿಗೆ ಬಂದಿದ್ದ ಗೌಡರನ್ನು ಕಂಡು, ಮನೆಗೆ ಬಂದರು. ಊಟಕ್ಕೆ ಕೂತಾಗ ಅವರ ಮುಖದಲ್ಲಿ ನಾನು ಬಹಳ ದಿನ ಕಾಣದ ಹಗುರ ಇತ್ತು.

"ನಿಮ್ಮಳಿಯ ಭಾರಿ ಹುಷಾರ್ ಅದಾರ್ರಿ, ಡಾಕ್ಟ್ರು ಹೊಟ್ಟೆ ಕೊಯ್ದಂಗೆ ಬಿಚ್ಚಿ ಮತ್ತೆ ಕೂಡಿಸಿದ್ರು ಅಂದ ಗೌಡ" ಎಂದರು. ಭಾವ ರೊಟ್ಟಿ ಮುರಿಯುತ್ತಿದ್ದರು. ಅಪ್ಪಾಜಿ ಅವರನ್ನು ನೋಡಿ ಮುಂದುವರಿಸಿದರು: "ನಾನೇ ತಿಳ್ಕಂಡಿರಲಿಲ್ಲ ನೋಡಪ್ಪ. ಕಾರ್ಖಾನೆ ಕೈ ಅದು, ಎಲ್ಲಿ ಹೋಗ್ತೈತೆ? ಶಾಮನೂರಿನ ಅಂಗಡಿ ನೀನೇ ಹಿಡಿ. ಹಳೇ ಮಷೀನ್ ತರ್ತಾ ಇದೀವಿ. ದಿನಾ ಒಂದು ಕೆಡ್ತೈತೆ. ರಿಪೇರಿ ಗೊತ್ತಿದ್ದೋರೇ ಇರಬೇಕು ಅಲ್ಲಿ."

ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಪ್ರೀತಿಯೇ ಇತ್ತು. "ಸಣ್ಣಾಕಿ, ನೀ ಓದಿದಾಕಿ. ಈ ಧೂಳು, ಬಣ್ಣ ನಿನಗ್ಯಾಕ? ನಿನ್ನ ಓದಿಗೆ ತಕ್ಕಂಗೆ ಒಂದು ನೋಡ್ಕ. ಏನಂತಿ?"

ನಾನು ಅಕ್ಕನನ್ನು ನೋಡಿದೆ. ಅವಳು ಭಾವನ ತಟ್ಟೆಗೆ ಅನ್ನ ಹಾಕಿದಳು. ಅವರು ಅವಳ ಮುಖ ನೋಡದೆ ಹಾಕಿಸಿಕೊಂಡರು. ಅದನ್ನು ಕಂಡೇ ನನಗೆ ಮಾತು ಹೊರಡಲಿಲ್ಲವೋ, ಅಥವಾ ಯಾರಾದರೂ ನನಗಾಗಿ ಮಾತಾಡಲಿ ಎಂದು ಕಾದೆನೋ, ಈಗಲೂ ಖಚಿತವಿಲ್ಲ. "ಆಗಲಿ" ಎಂದೆ. ಅಂಗಡಿ ಕೊಡುತ್ತೇನೆ ಎಂದಾಗಲೂ ನಾನು ಅಂದದ್ದು ಅದೇ ಮಾತು, ಅದೇ ದನಿಯಲ್ಲಿ. ಅಪ್ಪಾಜಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

ಪಾತ್ರೆ ತೊಳೆಯುವಾಗ ಅಕ್ಕನನ್ನು ಕೇಳಿದೆ. "ನೀ ಏನೂ ಅನ್ನಲಿಲ್ಲ."

"ನಿನಗೆ ಆ ಅಂಗಡಿ ಅಷ್ಟು ಬೇಕಿತ್ತಂತ ನನಗೇನ್ ಗೊತ್ತು? ಒಂದಿನಾನ ಬಾಯಿ ಬಿಟ್ಟು ಅಂದಿದೀಯೇನು?" ಅವಳು ನಲ್ಲಿ ಜೋರು ಮಾಡಿದಳು. "ಎಲ್ಲಾ ಒಳಗೇ ಇಟ್ಕಂಡಿದ್ರೆ ಮಂದಿ ಬಂದು ಬಗೆದು ನೋಡ್ತಾರೇನು?"

ಅವಳಿಗೆ ಗೊತ್ತಿತ್ತು. ನಮ್ಮಿಬ್ಬರದು ಒಂದೇ ಕೋಣೆಯಲ್ಲಿ ಬೆಳೆದ ಬದುಕು. ನಾನು ಏನನ್ನೂ ಹೇಳದಿದ್ದರೂ ಅವಳು ಎಲ್ಲವನ್ನೂ ತಿಳಿಯುತ್ತಿದ್ದಳು. ಆ ಹೊತ್ತಿಗೆ ಮಾತ್ರ, ನಾನು ಬಾಯಿ ಬಿಟ್ಟು ಹೇಳಿದರಷ್ಟೇ ಅವಳಿಗೆ ತಿಳಿಯುತ್ತದೆ ಎಂದಾಯಿತು.

ಮರುದಿನ ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಭಾವ ಬಂದರು. ಹೀಗೆ ಒಬ್ಬರೇ ನನ್ನ ಜೊತೆ ಮಾತಾಡಲು ಅವರು ಬಂದದ್ದು ಅದೇ ಮೊದಲು.

"ಮಾವರಿಗೆ ನಾನೇ ಹೇಳ್ತೀನಿ" ಎಂದರು, ಕಟ್ಟೆಯ ಆಚೆ ನೋಡುತ್ತಾ. "ನೀನೇ ಸರಿ ಮಾಡಿದ್ದು ಅಂತ. ಕೆಡಿಸಿದ್ದು ನಾನು ಅಂತಾನೂ ಹೇಳ್ತೀನಿ."

ಆ ಮಾತನ್ನು ಅವರು ಇಡೀ ರಾತ್ರಿ ಜೋಡಿಸಿಕೊಂಡಿರಬೇಕು.

"ಬ್ಯಾಡ್ರಿ ಭಾವ" ಎಂದೆ.

ನಮ್ಮ ಕಡೆ ಮೊದಲ ಬ್ಯಾಡಕ್ಕೆ ಬೆಲೆ ಇಲ್ಲ. ಮನೆಗೆ ಬಂದವರಿಗೆ ಚಹಾ ಬೇಕೇ ಎಂದರೆ ಬ್ಯಾಡ ಎನ್ನುತ್ತಾರೆ. ಆದರೂ ಒಳಗೆ ಒಲೆ ಹಚ್ಚುತ್ತಾರೆ. ಊಟದ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಹೋಳಿಗೆ ಬೀಳುತ್ತದೆ. ಮೊದಲ ಬ್ಯಾಡವನ್ನು ನಂಬಿ ಬಿಟ್ಟುಬಿಡುವುದು ಅವಮಾನ. ಭಾವನೂ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು. ನನ್ನ ತಟ್ಟೆಗೇ ಎಷ್ಟು ಸಲ ಬ್ಯಾಡ ಎಂದರೂ ಕೇಳದೆ ಹೋಳಿಗೆ ಹಾಕಿದವರು.

ಅವರು "ಹಂಗಂತೀಯಾ?" ಎಂದರು. ಹೆಗಲು ಇಳಿಯಿತು. ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಆಯ್ತವ್ವ" ಎಂದು ಮೆಟ್ಟಿಲಿಳಿದು ಹೋದರು. ಇಳಿಯುವಾಗ ಕಾಲು ಹಗುರವಾಗಿತ್ತು.

ನಾನು ಉಳಿದ ಬಟ್ಟೆ ಹರವಿದೆ. ಅವತ್ತು ಹರಿಹರದ ಬಸ್ಸು ಹತ್ತಲಿಲ್ಲ, ಮುಂದೆಯೂ ಹತ್ತಲಿಲ್ಲ. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಓದಿದ ಹುಡುಗಿ, ಬೇರೆ ಕೆಲಸ ನೋಡುತ್ತಿದ್ದಾಳೆ ಎಂದುಕೊಂಡರು. ಸಂದರ್ಶನಕ್ಕೆ ಕರೆದಿದ್ದ ಕಾಲೇಜಿಗೆ ಫೋನ್ ಮಾಡಿದೆ. ಆ ಜಾಗ ತುಂಬಿದೆ ಎಂದರು.