ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟವರು

ಆ ರಿಪೇರಿಯವರ ಎಡಗಿವಿಯ ಮುಂದೆ, ಕೆನ್ನೆ ಶುರುವಾಗುವ ಜಾಗದಲ್ಲಿ, ಹುಣಸೆ ಬೀಜದಷ್ಟಗಲ ಚರ್ಮ ಜಡ್ಡುಗಟ್ಟಿ ಕಪ್ಪಾಗಿತ್ತು. ಸ್ಕ್ರೂಡ್ರೈವರಿನ ಹಿಡಿ ಒತ್ತಿ ಒತ್ತಿ ಆದ ಗುರುತು. ಯಾವ ಯಂತ್ರವನ್ನಾದರೂ ಬಿಚ್ಚುವ ಮೊದಲು ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆಗ ಯಾರೂ ಮಾತಾಡುವಂತಿರಲಿಲ್ಲ, ನಮ್ಮ ಅತ್ತೆ ಕೂಡ.

ನಮ್ಮ ಮನೆ ತುಮಕೂರಿನಿಂದ ಸತ್ಯಮಂಗಲಕ್ಕೆ ಹೋಗುವ ಕಡೆಯ ಒಂದು ಬಡಾವಣೆಯಲ್ಲಿದೆ. ಲಾಕ್‌ಡೌನಿನಲ್ಲಿ ಕೆಲಸದವರು ಬರುವುದು ನಿಂತಾಗ ಪಾತ್ರೆ ತೊಳೆಯುವ ಯಂತ್ರ ಕೊಂಡೆವು. ಅದು ಕೆಟ್ಟಾಗ ಕೊಂಡ ಅಂಗಡಿಯವರು ಇವರನ್ನು ಕಳಿಸಿದರು. ಗೂಳೂರಿನವರು. ಕುಣಿಗಲ್ಲಿನಲ್ಲಿ ಮೋಟರ್ ಸುತ್ತುವ ಅಂಗಡಿಯಲ್ಲಿ ಕೆಲಸ ಕಲಿತು, ಗುಬ್ಬಿ ಕಡೆ ಬೋರ್‌ವೆಲ್ ಪಂಪುಗಳನ್ನು ಎತ್ತಿ ಇಳಿಸಿ, ಆಮೇಲೆ ಗ್ರೈಂಡರು, ವಾಷಿಂಗ್ ಮೆಷಿನ್ನು ಎಂದು ಊರು ಕೊಂಡದ್ದನ್ನೆಲ್ಲ ರಿಪೇರಿ ಮಾಡುತ್ತ ಬಂದವರು. ಐವತ್ತೈದರ ಆಸುಪಾಸು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಡುತ್ತಿದ್ದರು.

ಮೊದಲ ಸಲ ಬಂದಾಗ ಯಂತ್ರ ಕಟಕಟ ಎನ್ನುತ್ತಿತ್ತು. ಅವರು ಕಿವಿ ಕೊಟ್ಟು ಕೇಳಿ, ತಳದ ಜಾಲರಿ ತೆಗೆದು, ಅದರ ಕೆಳಗೆ ಎರಡು ಬೆರಳು ಇಳಿಸಿ ಒಂದು ಹುಣಸೆ ಬೀಜ ಎತ್ತಿದರು. ಹಿಂದೆಯೇ ಅಂಟಂಟಾದ ರಾಗಿ ಹಿಟ್ಟಿನ ಮುದ್ದೆ ಬಂತು.

"ಮುದ್ದೆ ಪಾತ್ರೆ ನೆನೆಸ್ದೇ ಇಟ್ಟಿದೀರ," ಎಂದರು.

"ನಾನು ಬೀಜ ತೆಗ್ದೇ ಹುಣಸೆಹಣ್ಣು ಕಿವುಚೋದು," ಎಂದರು ಅತ್ತೆ.

"ಹಂಗಾದ್ರೆ ಮೆಷಿನ್ನೇ ಕದ್ದು ತಿಂದಿರ್ಬೇಕು ಬುಡಿ ಅಮ್ಮಾವ್ರೇ."

ಅತ್ತೆ ನಕ್ಕರು. ಆ ಯಂತ್ರ ಮನೆಗೆ ಬಂದ ಮೇಲೆ ಅದರ ವಿಷಯಕ್ಕೆ ಅವರು ನಕ್ಕಿದ್ದು ಅದೇ ಮೊದಲು.

ಹೊರಡುವಾಗ ನನಗೆ ಹೇಳಿದರು: "ಕಟಕಟ ಅಂದ್ರೆ ಏನೋ ಸಿಕ್ಕಾಕೊಂಡೈತೆ ಅಂತ. ಗುಂಯ್ ಅಂದ್ರೆ ನೀರು ಸಾಲ್ದು ಅಂತ. ಏನೂ ಸದ್ದೇ ಇಲ್ಲ ಅಂದ್ರೆ ಮಾತ್ರ ಮುಟ್ಬ್ಯಾಡಿ. ನನ್ನ ಕರೀರಿ."

ಅವರಿಗೊಂದು ಪದ್ಧತಿಯಿತ್ತು. ಹಳೆಯ ಮನೆಗಳಲ್ಲಿ ಪಿಂಗಾಣಿ ಫ್ಯೂಸುಗಳಿರುತ್ತವಲ್ಲ, ಕೆಲಸಕ್ಕೆ ಮೊದಲು ಅವನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಕರೆಂಟು ನನ್ನ ಜೇಬಲ್ಲಿರ್ಬೇಕು," ಎನ್ನುತ್ತಿದ್ದರು. ನಮ್ಮದು ಹೊಸ ಮಾದರಿಯ ಬೋರ್ಡು. ಕಿತ್ತುಕೊಳ್ಳಲು ಅದರಲ್ಲಿ ಏನೂ ಇಲ್ಲ, ಸಾಲಾಗಿ ಸ್ವಿಚ್ಚುಗಳು ಮಾತ್ರ. ಅಂಥ ಮನೆಗಳಲ್ಲಿ ಒಬ್ಬರನ್ನು ಬೋರ್ಡಿನ ಮುಂದೆ ನಿಲ್ಲಿಸದೆ ಅವರು ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಎರಡನೆಯ ಸಲ ಅವರನ್ನು ಕರೆದದ್ದು ಯಂತ್ರ ಗುಂಯ್ ಎಂದು ನಿಂತುಬಿಡುತ್ತಿದ್ದ ಕಾರಣಕ್ಕೆ. ದೊಡ್ಡ ಪೈಪು ಒಡೆದು ನಮ್ಮ ಬೀದಿಗೆ ಎಂಟು ದಿನದಿಂದ ನಲ್ಲಿ ನೀರು ಬಂದಿರಲಿಲ್ಲ. ಟ್ಯಾಂಕರಿನ ಬೋರ್ ನೀರು ಬಳಸುತ್ತಿದ್ದೆವು. ಅವರು ಮೊದಲು ನಲ್ಲಿಯ ಕೆಳಗೆ ಬಕೆಟ್ ಇಟ್ಟು ನೀರು ಎಷ್ಟು ಜೋರಾಗಿ ಬರುತ್ತದೆ ನೋಡಿದರು. ಪೈಪು ಎಲ್ಲಾದರೂ ಮಡಚಿದೆಯೇ ಎಂದು ಉದ್ದಕ್ಕೂ ಕೈಯಾಡಿಸಿದರು. ಪೈಪಿನ ಬಾಯಲ್ಲಿದ್ದ ಉಗುರಿನಷ್ಟು ಸಣ್ಣ ಜಾಲರಿಯನ್ನು ಬಿಚ್ಚಿ ತೋರಿಸಿದರು. ಸುಣ್ಣ ಕಟ್ಟಿ ಬೆಳ್ಳಗೆ ಮುಚ್ಚಿಹೋಗಿತ್ತು. ವಿನೆಗರಿನಲ್ಲಿ ನೆನೆಸಿ ಉಜ್ಜಿ ಹಾಕಿದರೂ ಯಂತ್ರದೊಳಕ್ಕೆ ನೀರು ಏರಲಿಲ್ಲ. "ಒಳಗಿನ ವಾಲ್ವ್ ನೋಡ್ಬೇಕು," ಎಂದರು.

ಯಂತ್ರದ ಪ್ಲಗ್ಗು ಹಿಂದಿನ ಗೋಡೆಯಲ್ಲಿತ್ತು. ಮರಗೆಲಸದವರು ಕಪಾಟು ಮಾಡುವಾಗ ಅದನ್ನು ಮುಚ್ಚಿಬಿಟ್ಟಿದ್ದರು. ರಿಪೇರಿಯವರು ಬೋರ್ಡಿನ ಹತ್ತಿರ ಬಂದು, "ಅಡುಗೆಮನೇದು ಯಾವ್ದು?" ಎಂದರು. ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಯಾವುದರ ಮೇಲೂ ಹೆಸರಿರಲಿಲ್ಲ. ಅವರು ಎಲ್ಲದಕ್ಕೂ ದೊಡ್ಡದಾದ ಮೇನ್ ಸ್ವಿಚ್ಚನ್ನು ಕೆಳಗಿಳಿಸಿದರು.

"ಮೇಡಂ, ನೀವಿಲ್ಲೇ ನಿಂತಿರಿ. ನಾನು ಹೇಳೋಗಂಟ ಮುಟ್ಬ್ಯಾಡಿ."

"ಆಯ್ತು," ಎಂದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ವಿದ್ಯುತ್ತಿನ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ.

ಮುಂದಿನದನ್ನು ನನಗೆ ನೆನಪಿರುವ ಕ್ರಮದಲ್ಲೇ ಬರೆಯುತ್ತೇನೆ.

ಬೆಳಗಿನ ಹನ್ನೊಂದು ಗಂಟೆಯಿರಬೇಕು. ನಾನು ನಿಂತ ಜಾಗದಿಂದ ಅಡುಗೆಮನೆಯ ಬಾಗಿಲಲ್ಲಿ ಅವರ ಪಾದಗಳು ಮಾತ್ರ ಕಾಣುತ್ತಿದ್ದವು. ಅವರು ಮಲಗಿಕೊಂಡು ಯಂತ್ರದ ತಳಕ್ಕೆ ಕೈ ಹಾಕಿದ್ದರು. ಬೀದಿಯಲ್ಲಿ ಯಾರೋ, "ನೀರು ಬಂತು," ಎಂದರು. ಅತ್ತೆ ಗೇಟಿನ ಹತ್ತಿರದಿಂದ ಕೂಗಿದರು: "ನೀರು ಬಂತು ಕಣೇ, ಮೋಟರ್ ಹಾಕು." ನಮ್ಮ ಸಂಪು ಚಿಕ್ಕದು. ನೀರು ಬಂದ ಕೂಡಲೇ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸದಿದ್ದರೆ ಸಂಪು ತುಂಬಿ ಚರಂಡಿಗೆ ಹರಿಯುತ್ತದೆ. ಹದಿನಾರು ವರ್ಷದಿಂದ ಆ ಕೂಗು ಕೇಳಿದೊಡನೆ ನನ್ನ ಕೈ ಮೋಟರಿನ ಸ್ವಿಚ್ಚಿಗೆ ಹೋಗುತ್ತದೆ. ಅವತ್ತೂ ಹೋಯಿತು. ಸ್ವಿಚ್ಚು ಒತ್ತಿದೆ, ಮೋಟರ್ ಶುರುವಾಗಲಿಲ್ಲ. ಮೇನ್ ಕೆಳಗಿದೆಯಲ್ಲ ಎಂದುಕೊಂಡು ಅದನ್ನು ಮೇಲೆತ್ತಿದೆ.

ಅವರು ಕೂಗಲಿಲ್ಲ. ನನಗೆ ಕೇಳಿಸಿದ್ದು ಕಟಕಟ ಸದ್ದು. ಯಂತ್ರದೊಳಗೆ ಮತ್ತೆ ಏನೋ ಸಿಕ್ಕಿಕೊಂಡಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವಷ್ಟು ಹೊತ್ತು ನಾನು ಸುಮ್ಮನೆ ನಿಂತಿದ್ದೆ. ಆಮೇಲೆ ಬಾಗಿಲ ಕಡೆ ನೋಡಿದೆ. ಅವರ ಹಿಮ್ಮಡಿ ಕಪಾಟಿನ ಮರಕ್ಕೆ ಬಡಿದುಕೊಳ್ಳುತ್ತಿತ್ತು.

ಸ್ವಿಚ್ಚು ಇಳಿಸಿದೆ. ಸದ್ದು ನಿಂತಿತು. ಓಡಿಹೋಗಿ ನೋಡಿದರೆ ಅವರ ಕಣ್ಣು ತೆರೆದಿತ್ತು, ಬಲಗೈಯ ಎರಡು ಬೆರಳು ಸುಟ್ಟು ಬಿಳಿಚಿಕೊಂಡಿದ್ದವು. ತುಟಿ ಅಲ್ಲಾಡಿತು. ಬಗ್ಗಿದೆ.

"ನೀರ್ ಬಂತಾ ಮೇಡಂ?" ಎಂದರು.

ಆಸ್ಪತ್ರೆಯಲ್ಲಿ ವೈದ್ಯರು ಹೇಗಾಯಿತೆಂದು ಕೇಳಿದರು. ಅತ್ತೆ ಒಂದು ಪಕ್ಕ, ನಾನು ಇನ್ನೊಂದು ಪಕ್ಕ ನಿಂತಿದ್ದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಸ್ವಿಚ್ ಆಫ್ ಮಾಡೋದ್ ಮರ್ತೆ ಸಾರ್. ನನ್ದೇ ತಪ್ಪು." ವೈದ್ಯರು ಬರೆದುಕೊಂಡರು. ಅತ್ತೆ, "ಇಷ್ಟ್ ವರ್ಷ ಕೆಲ್ಸ ಮಾಡಿ ಹಿಂಗಾ ಮರೆಯೋದು," ಎಂದು ಬೈದರು. ಅವರು ತಲೆಯಾಡಿಸಿದರು. ನಾನು ತೆರೆದ ಬಾಯಿ ಮುಚ್ಚಿದೆ.

ಹತ್ತು ದಿನದ ಮೇಲೆ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಬಂದರು. "ವಾಲ್ವ್ ಹಂಗೇ ಐತಲ್ಲ," ಎಂದರು. ಎಡಗೈಯಲ್ಲಿ ಹೊಸ ವಾಲ್ವ್ ಕೂರಿಸಿದರು. ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು, ನೀರು ಒಳಗಿಳಿಯುವ ಸದ್ದು ಕೇಳಿ, ಕಣ್ಣು ಮುಚ್ಚಿಕೊಂಡೇ ನಕ್ಕರು. ಆಮೇಲೆ ಒಂದೊಂದು ಸ್ವಿಚ್ಚನ್ನೂ ಪರೀಕ್ಷಿಸಿ ಬಿಳಿ ಟೇಪಿನ ತುಂಡು ಅಂಟಿಸಿದರು. ಎಡಗೈ ಅಕ್ಷರ, ಸೊಟ್ಟಪಟ್ಟ: ಅಡುಗೆಮನೆ. ಮೋಟರ್. ಗೀಸರ್. ಮೇನ್ ಸ್ವಿಚ್ಚಿನ ಕೆಳಗೆ ಮಾತ್ರ ಎರಡು ಪದ ಬರೆದರು: ಕೇಳಿ ಹಾಕಿ.

ಅತ್ತೆ ಒಳಗಿದ್ದರು. "ಆಸ್ಪತ್ರೇಲಿ ಯಾಕೆ ಹಾಗೆ ಹೇಳಿದ್ರಿ?" ಎಂದು ಮೆಲ್ಲಗೆ ಕೇಳಿದೆ.

"ದಿನಾ ಈ ಬೋರ್ಡ್ ಮುಟ್ಟೋರು ನೀವು. ಕೈ ನಡುಗ್ಬಾರ್ದು," ಎಂದರು. ಟೇಪನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದರು.

ಕೆಲವು ತಿಂಗಳ ನಂತರ ಪಕ್ಕದ ಮನೆಯವರ ವಾಷಿಂಗ್ ಮೆಷಿನ್ ಕೆಟ್ಟಾಗ ಅಂಗಡಿಯಿಂದ ಬೇರೊಬ್ಬರು ಬಂದರು. ಹಳಬರು ಎಲ್ಲಿ ಎಂದು ನಾನು ಕೇಳಿದೆ. "ಸ್ವಿಚ್ ಆಫ್ ಮಾಡದೇ ಕೈ ಹಾಕೋರನ್ನ ಮನೆಗಳಿಗೆ ಕಳಿಸಕ್ಕಾಗಲ್ಲ ಅಂದ್ರು ಓನರ್ರು," ಎಂದರು ಬಂದವರು, ಬಕೆಟ್ ಪಕ್ಕಕ್ಕೆ ಸರಿಸುತ್ತ. ಕರೆಂಟನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದ ಮನುಷ್ಯನಿಗೆ ಊರಲ್ಲಿ ಆ ಹೆಸರು ಬಂದಿತ್ತು. ಈಗ ಅವರು ಗೂಳೂರಿನ ಮನೆಯ ಮುಂದೆ ಗ್ರೈಂಡರುಗಳನ್ನಷ್ಟೇ ರಿಪೇರಿ ಮಾಡುತ್ತಿದ್ದಾರೆ ಎಂದೂ ತಿಳಿಯಿತು. ಅಂಗಡಿ ನನ್ನ ಶಾಲೆಯ ದಾರಿಯಲ್ಲೇ ಇದೆ. ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾಳೆ ಹೋಗುತ್ತೇನೆ ಎಂದುಕೊಳ್ಳುತ್ತ ಒಂದು ವರ್ಷಕ್ಕೂ ಹೆಚ್ಚು ಕಾಲ ಅದರ ಮುಂದೆ ಓಡಾಡಿದೆ.

ಕಳೆದ ಬೇಸಿಗೆಯಲ್ಲಿ ಅವರು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದಾಗ ಹಾಗೇ ಕುಸಿದರಂತೆ. ಹೃದಯಾಘಾತ, ಅಲ್ಲೇ ಹೋಗಿಬಿಟ್ಟರು. ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ.

ಗೂಳೂರಿಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ಬಿಚ್ಚಿಟ್ಟ ಗ್ರೈಂಡರೊಂದು ಹಾಗೇ ಇತ್ತು. ನಾನು ಯಾರೆಂದು ಹೇಳಿಕೊಂಡೆ. ಆಮೇಲೆ, ಇಲ್ಲಿ ಬರೆದ ಕ್ರಮದಲ್ಲೇ, ಎಲ್ಲವನ್ನೂ ಹೇಳಿದೆ. ಅವರು ನನ್ನ ಕೈಯನ್ನೇ ನೋಡಿದರು.

"ನಂಗೂ ತಾನೇ ಮರ್ತೆ ಅಂತಲೇ ಹೇಳಿದ್ರು," ಎಂದರು. "ವಯಸ್ಸಾಯ್ತು, ನಿಮ್ಗೆ ಗ್ಯಾನ ಇರಲ್ಲ ಅಂತ ಎಷ್ಟ್ ಸಲ ಆಡ್ಕೊಂಡೆ. ಸುಮ್ನೆ ಉಣ್ಣೋರು."

ನಾನು ಹೊರಡಲು ಎದ್ದೆ.

"ಆ ಅಂಗಡೀಲೂ ಹೇಳ್ಬುಡಿ," ಎಂದರು.

ಮಾರನೆಯ ದಿನ ಹೋಗಿ ಹೇಳಿದೆ. ಮಾಲೀಕರು ಫೋನ್ ಪಕ್ಕಕ್ಕಿಟ್ಟು ಕೇಳಿಸಿಕೊಂಡರು. "ಆವಾಗ್ಲೇ ಯಾಕ್ ಹೇಳ್ಲಿಲ್ಲ ಮೇಡಂ?" ಎಂದರು. ಅತ್ತೆಗೂ ಅಂದೇ ಹೇಳಿದೆ. ಅವರು ಎದ್ದು ಹೋಗಿ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಬಂದರು.

ಟೇಪಿನ ಅಂಚು ಈಗ ಎದ್ದಿದೆ, ಅಕ್ಷರ ಅಳಿಸಿಲ್ಲ. ಮೇನ್ ತಾನಾಗಿ ಬಿದ್ದು ಮತ್ತೆ ಮೇಲೆತ್ತಬೇಕಾದಾಗ ನಾನು ಅಡುಗೆಮನೆಯ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದರೂ, "ಹಾಕ್ಲಾ?" ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಏನೂ ಸದ್ದಿಲ್ಲ ಎಂದಾದ ಮೇಲೆ ಹಾಕುತ್ತೇನೆ. ಕೈ ನಡುಗುತ್ತದೆ.