ಡಾಲರ್ ಕಲಿಯಲು ಹೊರಟ ವರ್ಷ

ಕಂಪಲಾಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ನಮ್ಮ ಸೊಪ್ಪು ಕಟ್ಟಿದ್ದ ಬೇಲುಗಳ ಪಕ್ಕ ನಿಂತಿದ್ದೆ. ಕೊಳ್ಳಲು ಬಂದಿದ್ದ ಇಬ್ಬರು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ಡಾಲರ್ ಇಳಿದಿದೆ, ಇವತ್ತು ಜಾಸ್ತಿ ಕೂಗುವುದು ಬೇಡ ಎಂದರು. ಸಸಿ ನೆಟ್ಟವರು ನಾವು, ಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ ಬೆಂಕಿ ಕಾದು ಸೊಪ್ಪು ಹದ ಮಾಡಿದವರು ನಾವು. ಎಲ್ಲೋ ಇರುವ ಡಾಲರ್ ಇಳಿದರೆ ನಮ್ಮ ಬೇಲಿನ ಬೆಲೆ ಯಾಕೆ ಇಳಿಯಬೇಕು? ಮನೆಗೆ ಬರುತ್ತಾ ಗಂಡನನ್ನು ಕೇಳಿದೆ.

"ಅದೆಲ್ಲ ದೊಡ್ಡೋರ ಆಟ ಕಣೆ, ನಮಗ್ಯಾಕೆ ಬುಡು" ಅಂದರು.

ಬಿಡಲು ಮನಸ್ಸಾಗಲಿಲ್ಲ. ನನಗಾಗ ನಲವತ್ತು. ಡೈರಿಗೆ ಹಾಲು ಹಾಕಿ ಕೂಡಿಟ್ಟಿದ್ದ ಹಣ ಕಟ್ಟಿ, ಮೈಸೂರಿನಲ್ಲಿ ಭಾನುವಾರದ ಕರೆನ್ಸಿ ಟ್ರೇಡಿಂಗ್ ಕೋರ್ಸಿಗೆ ಸೇರಿದೆ. ಎಂಟು ವಾರದ ಪಾಠ. ಪಿರಿಯಾಪಟ್ಟಣದಿಂದ ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವಳು ನಾನೇ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕೇಳಿಸಿದ ಮಾತನ್ನು ಕನ್ನಡದ ಅಕ್ಷರದಲ್ಲಿ ಬರೆದುಕೊಂಡು ಬಂದು ಮನೆಯಲ್ಲಿ ಅರ್ಥ ಹುಡುಕುತ್ತಿದ್ದೆ. ಮೊದಲ ಎರಡು ವಾರ ಮೇಷ್ಟರು ಚೆನ್ನಾಗಿಯೇ ಕಲಿಸಿದರು. ಒಂದು ದೇಶದ ಹಣಕ್ಕೆ ಇನ್ನೊಂದು ದೇಶದ ಹಣದಲ್ಲಿ ಬೆಲೆ ಕಟ್ಟುವುದೇ ಈ ವ್ಯಾಪಾರ, ಇಬ್ಬರಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂತ ಹಾಗೆ ಎಂದು ಅವರು ಹೇಳಿದ್ದು ಇವತ್ತಿಗೂ ಮರೆತಿಲ್ಲ.

ಮೂರನೇ ವಾರ ಮಾತಿನ ದಾರಿ ಬದಲಾಯಿತು. ಹೊರದೇಶದ ಒಂದು ಆಪ್ ತೋರಿಸಿ, ಎಲ್ಲರೂ ಇವತ್ತೇ ಖಾತೆ ತೆರೆಯಿರಿ, ಸಾವಿರ ಹಾಕಿದರೆ ಲಕ್ಷದ ವ್ಯಾಪಾರ ಮಾಡಬಹುದು ಎಂದರು. ನಾನು ಎದ್ದು ನಿಂತೆ.

"ಸರ್, ಈ ಆಪಿಗೆ ನಮ್ಮ ದೇಶದಲ್ಲಿ ಪರ್ಮಿಷನ್ ಇದೆಯಾ?"

"ಮೇಡಂ, ನೀವು ಕಲಿಯೋಕೆ ಬಂದಿದ್ದೀರೋ, ತನಿಖೆ ಮಾಡೋಕೆ ಬಂದಿದ್ದೀರೋ?"

ಎಲ್ಲರೂ ನಕ್ಕರು. ನನ್ನ ಮುಖ ಬಿಸಿಯಾಯಿತು, ಆದರೂ ಖಾತೆ ತೆರೆಯಲಿಲ್ಲ. ವಾಪಸ್ ಬಸ್ಸಿನಲ್ಲಿ ಫೋನಿನಲ್ಲಿ ಹುಡುಕಿದೆ. ಅನುಮತಿ ಇಲ್ಲದ ಆಪುಗಳೆಂದು ಸರ್ಕಾರದ ಕಡೆಯಿಂದ ಹೊರಬಂದಿದ್ದ ಪಟ್ಟಿಯಲ್ಲಿ ಅದರ ಹೆಸರಿತ್ತು. ಮುಂದಿನ ಭಾನುವಾರ ಹೋಗಿ ಉಳಿದ ವಾರಗಳ ಫೀಸು ಕೇಳಿದೆ. ಕೊಡಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ಆ ಪಟ್ಟಿ ತೋರಿಸಿ ಬಂದೆ.

ನಾನು ಹೇಳಲಿಲ್ವಾ ಎಂದು ಗಂಡ ಅನ್ನದೆ ಬಿಡುವುದಿಲ್ಲ ಅಂದುಕೊಂಡಿದ್ದೆ. ಅವರು ಹಸುವಿಗೆ ಹುಲ್ಲು ಹಾಕಿ ಮುಗಿಸಿದರು. ಆಮೇಲೆ, "ಹುಣಸೂರಲ್ಲಿ ನಿನ್ನ ಕಾಲೇಜು ಮೇಡಮ್ಮೋರು ಅವ್ರಲ್ಲ, ಅವ್ರ ತಾವ ಹೋಗಿ ಕೇಳು" ಅಂದರು.

ಮೇಡಂ ನನಗೆ ಕಾಮರ್ಸ್ ಕಲಿಸಿದವರು, ಈಗ ನಿವೃತ್ತರು. ವಿದೇಶಿ ವಿನಿಮಯದ ಪಾಠ ವರ್ಷಗಟ್ಟಲೆ ಮಾಡಿದ್ದೇನೆ, ಒಂದು ದಿನವೂ ಟ್ರೇಡ್ ಮಾಡಿಲ್ಲ ಎಂದು ಮೊದಲೇ ಹೇಳಿದರು. ತಮ್ಮ ಹಳೆಯ ಪುಸ್ತಕ ಕೊಟ್ಟು ಒಂದು ಕಟ್ಟಳೆಯನ್ನೂ ಹಾಕಿದರು. ಒಂದು ವರ್ಷ ಒಂದು ರೂಪಾಯಿಯನ್ನೂ ಹಾಕಕೂಡದು. ದಿನಾ ಬೆಳಿಗ್ಗೆ ಡಾಲರ್ ಏರುತ್ತದೋ ಇಳಿಯುತ್ತದೋ, ಯಾಕೆ ಎಂದು ಬರೆಯಬೇಕು. ಸಂಜೆ ತಾಳೆ ನೋಡಬೇಕು.

"ಸರಿ ಬಂದದ್ದನ್ನ ನೋಡಿ ಹಿಗ್ಗಬೇಡ ಕಣಮ್ಮ. ತಪ್ಪಿದ್ದು ಯಾಕೆ ಅಂತ ಬರಿ."

ಹಾಲು ಹಾಕಿ ಬಂದು, ಹೊಲಕ್ಕೆ ಹೋಗುವ ಮುಂಚೆ ಅರ್ಧ ಗಂಟೆ ಬರೆಯುತ್ತಿದ್ದೆ. ಕಚ್ಚಾ ತೈಲ ಏರಿದರೆ ನಮ್ಮ ರೂಪಾಯಿಗೆ ಏನಾಗುತ್ತದೆ, ಅಮೆರಿಕದಲ್ಲಿ ಬಡ್ಡಿ ಏರಿದರೆ ಡಾಲರ್ ಯಾಕೆ ಅತ್ತ ಓಡುತ್ತದೆ, ಒಂದೊಂದಾಗಿ ತಿಳಿಯಿತು. ನಮ್ಮ ಸೊಪ್ಪು ಹೊರದೇಶಕ್ಕೆ ಹೋಗುವುದರಿಂದ, ಡಾಲರ್ ಇಳಿದರೆ ಕೊಂಡವರ ಕೈಗೆ ಬರುವ ರೂಪಾಯಿಯೂ ಇಳಿಯುತ್ತದೆ ಎಂಬುದೂ ಗೊತ್ತಾಯಿತು. ಮೊದಲ ತಿಂಗಳುಗಳಲ್ಲಿ ನಾಣ್ಯ ಚಿಮ್ಮಿ ಹೇಳಿದ್ದರೂ ನನಗಿಂತ ಸರಿ ಬರುತ್ತಿತ್ತು. ಡಾಲರ್ ಕೊಂಡಂತೆ, ಮಾರಿದಂತೆ ಕಾಗದದ ಮೇಲೇ ಲೆಕ್ಕ ಬರೆದು, ಇಷ್ಟು ನಷ್ಟವಾದರೆ ಹೊರಬರುತ್ತೇನೆ ಎಂದು ಬೆಳಿಗ್ಗೆ ಗೆರೆ ಹಾಕಿ, ಸಂಜೆ ನಷ್ಟ ಆ ಗೆರೆ ದಾಟಿದ್ದರೆ ಅಳಿಸಿ ಕೆಳಗೆ ಹಾಕುತ್ತಿದ್ದೆ. ಕೈಯಿಂದ ಬಿಡಿಗಾಸೂ ಹೋಗದ ಆಟದಲ್ಲೂ ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೇನೆ ಎಂದು ಗೊತ್ತಾದ ದಿನ ಪೆನ್ಸಿಲ್ ಬಿಟ್ಟು ಪೆನ್ನು ಹಿಡಿದೆ. ನಿಜವಾದ ಕಲಿಕೆ ಆಮೇಲೆ ಶುರುವಾಯಿತು.

ವರ್ಷ ಮುಗಿದ ಮೇಲೆ ಕೆ.ಆರ್. ನಗರದಲ್ಲಿ ಅನುಮತಿ ಇರುವ ಒಬ್ಬ ಬ್ರೋಕರರ ಆಫೀಸಿಗೆ ಹೋದೆ. ಅರ್ಜಿಯ ಜೊತೆ ಒಂದು ಹೇಳಿಕೆಗೆ ಸಹಿ ಹಾಕಬೇಕಿತ್ತು. ನನಗೆ ವಿದೇಶದಿಂದ ಹಣ ಬರುವುದೋ ವಿದೇಶಕ್ಕೆ ಕೊಡುವುದೋ ಇದೆ, ಅದರ ರಕ್ಷಣೆಗೆ ಈ ವ್ಯಾಪಾರ ಎಂದು ಅದರ ಒಕ್ಕಣೆ. ನನಗೆ ಅಂಥದ್ದೇನೂ ಇರಲಿಲ್ಲ. ಕೌಂಟರಿನಲ್ಲಿದ್ದ ಹೆಂಗಸು, "ಹಾಕ್ಬುಡಿ ಅಕ್ಕ, ಯಾರೂ ಕೇಳಲ್ಲ" ಅಂದರು. ಪೆನ್ನು ಕೈಯಲ್ಲೇ ಇತ್ತು. ಒಂದು ವರ್ಷ ಕಾದಿದ್ದೆ. ಹಾಕಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಕಣ್ಣು ತುಂಬಿ ಬಂತು. ಎರಡು ಬಸ್ಸು ಹೋದವು, ಹತ್ತಲಿಲ್ಲ. ಸುಳ್ಳಿಲ್ಲದೆ ಆ ಕಾಗದಕ್ಕೆ ಸಹಿ ಹಾಕುವವರು ನಮ್ಮ ಸುತ್ತ ಯಾರಿದ್ದಾರೆ ಎಂದು ಯೋಚಿಸುತ್ತಾ ಕೂತೆ. ಹುಣಸೂರಿನ ಹತ್ತಿರ ಮಿಡಿಸೌತೆಯನ್ನು ಉಪ್ಪುನೀರಿನಲ್ಲಿ ಹಾಕಿ ಹೊರದೇಶಕ್ಕೆ ಕಳಿಸುವ ಸಣ್ಣ ಕಾರ್ಖಾನೆಯೊಂದಿತ್ತು. ಅವರಿಗೆ ಬರುವ ಹಣ ಡಾಲರಿನಲ್ಲೇ. ಮಾರನೆಯ ದಿನವೇ ವರ್ಷವಿಡೀ ಬರೆದಿದ್ದ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಗೆ ಹೋಗಿ ಕೆಲಸ ಕೇಳಿದೆ.

ಮಾಲೀಕರು ನನ್ನ ಪುಟಗಳನ್ನು ತಿರುವಿ ಹಾಕಿದರು. "ಮುಂದಿನ ತಿಂಗಳು ಡಾಲರ್ ಎಷ್ಟಾಗುತ್ತೆ, ಹೇಳಿ ನೋಡೋಣ."

"ಗೊತ್ತಿಲ್ಲ ಸರ್. ಡಾಲರ್ ಒಂದು ರೂಪಾಯಿ ಇಳಿದರೆ ನಿಮ್ಮ ಒಂದು ಕಂಟೇನರಿಗೆ ಎಷ್ಟು ಹೊಡೆತ ಬೀಳುತ್ತೆ ಅನ್ನೋದನ್ನ ಲೆಕ್ಕ ಹಾಕಿ ಹೇಳ್ತೀನಿ."

ಅವರು ಕುರ್ಚಿ ಎಳೆದು ಕೂರಿಸಿದರು.

ಈಗ ವಾರಕ್ಕೆ ಮೂರು ದಿನ ಅಲ್ಲಿ ಕೆಲಸ. ಬರಬೇಕಾದ ಡಾಲರಿನಲ್ಲಿ ಒಂದು ಪಾಲಿಗೆ ಬ್ಯಾಂಕಿನಲ್ಲಿ ಮುಂಚೆಯೇ ದರ ನಿಗದಿ ಮಾಡಿಸಿಡುವುದು ನನ್ನ ಜವಾಬ್ದಾರಿ. ಮೊದಲ ಸಲ ನಿಗದಿ ಮಾಡಿಸಿದ ಮೇಲೆ ಡಾಲರ್ ಏರಿಬಿಟ್ಟಿತು. ಸುಮ್ಮನಿದ್ದಿದ್ದರೆ ಇನ್ನೂ ಬರುತ್ತಿತ್ತಲ್ಲ ಎಂದು ಮಾಲೀಕರು ಗೊಣಗಿದರು. ನಾವು ಕಟ್ಟಿದ್ದು ಏರುತ್ತದೆಂಬ ಬಾಜಿಯಲ್ಲ, ಬಿದ್ದರೆ ನಮಗೆ ಪೆಟ್ಟಾಗಬಾರದೆಂಬ ಬೇಲಿ ಎಂದು ಅವರಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ಮುಂದಿನ ಕಂಟೇನರಿಗೂ ಅಷ್ಟೇ ಪಾಲಿಗೆ ನಿಗದಿ ಮಾಡಿಸಬೇಕೆಂದು ನಾನು ಹಟ ಹಿಡಿದೆ, ಮಾಡಿಸಿಯೂ ಬಂದೆ.